ಕೂಸಿನ ಹಾಸಿಗೆ ಖಾಲಿಯೇ ಇರಲಿ

ನಾಮಕರಣದ ದಿನ ತೊಟ್ಟಿಲಿಗೆ ಮಲ್ಲಿಗೆ ದಂಡೆ ಇಳಿಬಿಡುತ್ತೇವೆ. ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳುತ್ತಾಳೆ, ಹಿರಿಯ ಹೆಂಗಸರು ಜೋಗುಳ ಹಾಡುತ್ತಾರೆ, ಗುಗ್ಗರಿ ಹಂಚುತ್ತಾರೆ. ತೊಟ್ಟಿಲು ಎಷ್ಟು ಚೆಂದ ಎಂದು ಬಂದವರೆಲ್ಲ ಹೇಳಿಹೋಗುತ್ತಾರೆ. ಆದರೆ ಅವತ್ತಿನ ರಾತ್ರಿಯಿಂದ ಮುಂದಿನ ಎರಡು ವರ್ಷ ಆ ಕೂಸು ಯಾವುದರ ಮೇಲೆ ಮಲಗುತ್ತದೆ, ಅದರ ಹಾಸಿಗೆ ಹೇಗಿದೆ, ಪಕ್ಕದಲ್ಲಿ ಏನೇನಿದೆ ಎಂದು ಕೇಳುವವರು ಕಡಿಮೆ. ಹುಟ್ಟಿದ ಹೊಸತರಲ್ಲಿ ಮಗು ದಿನಕ್ಕೆ 14ರಿಂದ 17 ತಾಸು ನಿದ್ದೆ ಮಾಡುತ್ತದೆ. ತಾಯಿಯ ಮಡಿಲು ಬಿಟ್ಟರೆ ಅದು ಅತಿ ಹೆಚ್ಚು ಹೊತ್ತು ಕಳೆಯುವುದು ತನ್ನ ಮಂಚದಲ್ಲೇ. ದೊಡ್ಡವರ ಕಣ್ಣಿಗೆ ನಿದ್ದೆ ಹತ್ತುವುದೂ ಆಗಲೇ. ಸೀರೆ, ಬಳೆ, ಬೆಳ್ಳಿ ಬಟ್ಟಲಿಗೆ ಕೊಡುವ ಗಮನದ ಅರ್ಧದಷ್ಟನ್ನಾದರೂ ಆ ಮಂಚಕ್ಕೆ ಕೊಡಬೇಕು ಎಂಬುದು ನನ್ನ ಆಸೆ.

ಈಚೆಗೆ ತಂಗಿಯ ಮಗಳಿಗೆ ಏಳನೇ ತಿಂಗಳು ತುಂಬಿದಾಗ ಮಗುವಿನ ಮಂಚ ನೋಡಲು ಅವಳ ಜೊತೆ ಅಂಗಡಿಗೆ ಹೋಗಿದ್ದೆ. ಗಾಜಿನಾಚೆ ಇಟ್ಟಿದ್ದ ಮಂಚ ನೋಡಲು ಸೊಗಸಾಗಿತ್ತು. ಸುತ್ತ ಸರಳುಗಳಿಗೆ ಕಟ್ಟಿದ ದಪ್ಪ ಮೆತ್ತೆ, ತಲೆಗೊಂದು ದಿಂಬು, ಎರಡು ಮಗ್ಗುಲಿಗೆ ಎರಡು ಉರುಳು ದಿಂಬು, ಕಾಲ ಕೆಳಗೆ ಮಡಚಿಟ್ಟ ರಜಾಯಿ, ಮೂಲೆಯಲ್ಲಿ ಕೂತ ಮೆತ್ತನೆಯ ಕರಡಿ ಬೊಂಬೆ. ‘ಒಮ್ಮೆ ಕೈಯಿಟ್ಟು ನೋಡ್ರಿ ಮೇಡಂ, ಬೆಣ್ಣಿ ಹಂಗದ’ ಎಂದ ಅಂಗಡಿಯ ಹುಡುಗ. ತಂಗಿಯ ಮಗಳು ಅಂಗೈ ಊರಿದಳು. ಮಣಿಕಟ್ಟಿನವರೆಗೂ ಕೈ ಒಳಗೆ ಹೋಯಿತು. ಕೈ ತೆಗೆದ ಮೇಲೂ ಅದರ ಗುಂಡಿ ಸ್ವಲ್ಪ ಹೊತ್ತು ಹಾಗೇ ಉಳಿದಿತ್ತು. ‘ದೊಡ್ಡಮ್ಮ, ಇದು ಬ್ಯಾಡ’ ಎಂದಳು. ಅವಳಿಗೆ ಕಾರಣ ಗೊತ್ತಿತ್ತು. ಗೊತ್ತಿಲ್ಲದ ಎಷ್ಟೋ ಮನೆಗಳಿಗೆ ಇದೇ ಮಂಚ ಪ್ರೀತಿಯ ಉಡುಗೊರೆಯಾಗಿ ಹೋಗುತ್ತದೆ.

ಕಾರಣ ಕೂಸಿನ ಮೈಯಲ್ಲೇ ಇದೆ. ಮೈಗೆ ಹೋಲಿಸಿದರೆ ಅದರ ತಲೆ ದೊಡ್ಡದು, ಭಾರ, ಕತ್ತಿಗೆ ಇನ್ನೂ ಬಲ ಬಂದಿರುವುದಿಲ್ಲ. ಮೂಗು ಬಾಯಿಗೆ ಏನಾದರೂ ಅಡ್ಡ ಬಂದರೆ ನಾವು ನಿದ್ದೆಯಲ್ಲೇ ಮುಖ ಹೊರಳಿಸುತ್ತೇವೆ, ಮೂರು ತಿಂಗಳ ಕೂಸಿಗೆ ಅದು ಆಗುವುದಿಲ್ಲ. ಮೆತ್ತನೆ ಹಾಸಿಗೆಯಲ್ಲಿ ಮುಖ ಹೂತರೆ ತಾನು ಬಿಟ್ಟ ಉಸಿರನ್ನೇ ಅದು ಮತ್ತೆ ಮತ್ತೆ ಎಳೆದುಕೊಳ್ಳುತ್ತದೆ. ಆಮ್ಲಜನಕ ಕಡಿಮೆಯಾಗುತ್ತಾ ಹೋಗುತ್ತದೆ. ಅಳು ಕೇಳಿಸುವುದಿಲ್ಲ, ಒದ್ದಾಟವೂ ಕಾಣುವುದಿಲ್ಲ. ಅದಕ್ಕೇ ಮಗುವಿನ ಹಾಸಿಗೆ ಗಟ್ಟಿಯಾಗಿ, ಸಮತಟ್ಟಾಗಿ ಇರಬೇಕು ಎಂದು ಮಕ್ಕಳ ವೈದ್ಯರು ಹೇಳುವುದು. ಅಂಗೈ ಒತ್ತಿ ಎತ್ತಿದ ಕೂಡಲೇ ಹಾಸಿಗೆ ಮೊದಲಿನಂತಾಗಬೇಕು. ಮೇಲೆ ಬಿಗಿಯಾಗಿ ಕೂರುವ ಒಂದು ಹತ್ತಿ ಚಾದರ ಸಾಕು. ದಿಂಬು ಬೇಡ, ರಜಾಯಿ ಬೇಡ, ಬೊಂಬೆ ಬೇಡ, ಸುತ್ತಲಿನ ಮೆತ್ತೆ ಬೇಡವೇ ಬೇಡ. ಸರಳಿಗೆ ಕಟ್ಟುವ ಆ ಮೆತ್ತೆ, ಹತ್ತು ಡಿಗ್ರಿಗಿಂತ ಹೆಚ್ಚು ಓರೆಯಾಗಿ ಮಲಗಿಸುವ ಸಾಧನ, ಎರಡರ ಮಾರಾಟವನ್ನೂ ಅಮೆರಿಕ 2022ರ ಕಾನೂನಿನಲ್ಲಿ ನಿಷೇಧಿಸಿತು. ಓರೆಯಾಗಿ ಮಲಗಿದ ಕೂಸಿನ ಗದ್ದ ಎದೆಗೆ ಒತ್ತಿಕೊಂಡು ಉಸಿರಿನ ದಾರಿ ಮಡಚಿಹೋಗುತ್ತದೆ.

ಹಾಗಾದರೆ ಕೂಸಿಗೆ ಸುಖ ಎಲ್ಲಿ ಎಂದು ಅಜ್ಜಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಗಟ್ಟಿ ಹಾಸಿಗೆಯ ಮೇಲೆ ಬೆನ್ನು ನೋಯುವುದು, ಮಗ್ಗುಲು ಒತ್ತುವುದು ನಮ್ಮ ವಯಸ್ಸಿನ ಅನುಭವ. ಎಲುಬು ಇನ್ನೂ ಎಳೆಯದಾಗಿರುವ, ಐದಾರು ಕಿಲೋ ತೂಗುವ ಮೈಗೆ ಆ ನೋವಿಲ್ಲ. ಹೊಟ್ಟೆ ತುಂಬಿರಬೇಕು, ಬಟ್ಟೆ ಒಣಗಿರಬೇಕು, ಸೆಕೆಯಾಗಬಾರದು, ಪರಿಚಿತ ಧ್ವನಿ ಹತ್ತಿರದಲ್ಲಿ ಕೇಳಬೇಕು. ಅದರ ಸುಖವೆಲ್ಲ ಇಷ್ಟರಲ್ಲೇ ಇದೆ.

ಮಲಗಿಸುವ ರೀತಿಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು, ಅದಿಲ್ಲದೆ ಎಷ್ಟೇ ಒಳ್ಳೆಯ ಮಂಚ ತಂದರೂ ಕೆಲಸ ಅರ್ಧವಾದಂತೆ. ಅಮೆರಿಕದ ಮಕ್ಕಳ ವೈದ್ಯ ಬೆಂಜಮಿನ್ ಸ್ಪಾಕ್ 1946ರಲ್ಲಿ ಬರೆದ ಶಿಶುಪಾಲನೆಯ ಪುಸ್ತಕ ಜಗತ್ತಿನಾದ್ಯಂತ ಕೋಟಿಗಟ್ಟಲೆ ಮನೆಗಳಿಗೆ ಹೋಯಿತು. ಅದರ ಮುಂದಿನ ಆವೃತ್ತಿಗಳಲ್ಲಿ ಕೂಸನ್ನು ಬೋರಲು ಮಲಗಿಸುವುದು ಒಳ್ಳೆಯದು, ಅಂಗಾತ ಮಲಗಿದರೆ ವಾಂತಿ ಗಂಟಲಲ್ಲಿ ಸಿಕ್ಕೀತು ಎಂಬ ಸಲಹೆ ಸೇರಿತು. ಒಳ್ಳೆಯ ಮನಸ್ಸಿನಿಂದಲೇ ಬಂದ ಸಲಹೆ ಅದು. ಪಶ್ಚಿಮದ ದೇಶಗಳ ತಾಯಂದಿರು ದಶಕಗಳ ಕಾಲ ಅದನ್ನೇ ಪಾಲಿಸಿದರು. ಆರೋಗ್ಯವಾಗಿದ್ದ ಕೂಸುಗಳು ರಾತ್ರಿ ಮಲಗಿದಲ್ಲೇ ತೀರಿಹೋಗುವ ಪ್ರಕರಣಗಳು ಅಲ್ಲಿ ಹೆಚ್ಚಿದವು. 1991ರಲ್ಲಿ ಬ್ರಿಟನ್ನಿನ ಟಿವಿ ನಿರೂಪಕಿ ಆ್ಯನ್ ಡೈಮಂಡ್ ತಮ್ಮ ನಾಲ್ಕು ತಿಂಗಳ ಮಗನನ್ನು ಹೀಗೆಯೇ ಕಳೆದುಕೊಂಡರು. ನ್ಯೂಜಿಲೆಂಡಿನಲ್ಲಿ ಸಂಶೋಧಕರು ಬೋರಲು ಮಲಗಿಸುವುದಕ್ಕೂ ಈ ಸಾವಿಗೂ ಇರುವ ನಂಟನ್ನು ಕಂಡುಕೊಂಡಿದ್ದಾರೆ ಎಂದು ತಿಳಿದು ಅವರು ಅಲ್ಲಿಗೇ ಹೋಗಿ ಬಂದರು. ಸರ್ಕಾರದ ಬೆನ್ನುಹತ್ತಿದರು. ಅದೇ ವರ್ಷದ ಕೊನೆಗೆ ಬ್ರಿಟನ್ನಿನಲ್ಲಿ ಅಂಗಾತ ಮಲಗಿಸಿ ಎಂಬ ಪ್ರಚಾರ ಶುರುವಾಯಿತು, ಅಮೆರಿಕದಲ್ಲಿ 1994ರಲ್ಲಿ. ಕೆಲವು ವರ್ಷಗಳಲ್ಲೇ ಎರಡೂ ಕಡೆ ಇಂಥ ಸಾವು ಅರ್ಧಕ್ಕಿಳಿಯಿತು. ಹೊಸ ಔಷಧಿ ಬಂದಿರಲಿಲ್ಲ, ಯಂತ್ರವೂ ಬಂದಿರಲಿಲ್ಲ. ಕೂಸನ್ನು ಮಲಗಿಸುವ ಭಂಗಿ ಬದಲಾಯಿತು, ಅಷ್ಟೇ. ಮಗ ಹೋದ ದುಃಖದಲ್ಲಿ ಮನೆಯಲ್ಲಿ ಕೂರದೆ ಬೇರೆಯವರ ಮಕ್ಕಳಿಗಾಗಿ ಓಡಾಡಿದ ಆ ತಾಯಿಗೆ ನಾವೂ ಋಣಿಗಳೇ.

ವಾಂತಿ ಗಂಟಲಲ್ಲಿ ಸಿಕ್ಕೀತು ಎಂಬ ಭಯ ನಮ್ಮ ಮನೆಗಳಲ್ಲೂ ಇದೆ, ಬಾಣಂತಿ ಕೋಣೆಯಲ್ಲಿ ಈಗಲೂ ಈ ಮಾತು ಕೇಳುತ್ತೇನೆ. ಮಗು ಅಂಗಾತ ಮಲಗಿದಾಗ ಗಂಟಲಿನಲ್ಲಿ ಶ್ವಾಸನಾಳ ಮೇಲಿರುತ್ತದೆ, ಅನ್ನನಾಳ ಅದರ ಕೆಳಗಿರುತ್ತದೆ. ಹೊಟ್ಟೆಯಿಂದ ಬಂದ ಹಾಲು ಶ್ವಾಸನಾಳಕ್ಕೆ ಇಳಿಯಬೇಕಾದರೆ ಮೇಲಕ್ಕೆ ಏರಬೇಕು. ಬೋರಲು ಮಲಗಿಸಿದರೆ ಇದು ತಿರುವುಮುರುವಾಗಿ ಶ್ವಾಸನಾಳವೇ ಕೆಳಗೆ ಬರುತ್ತದೆ. ಹಾಲು ಕುಡಿಸಿ, ಹೆಗಲಿಗೆ ಹಾಕಿಕೊಂಡು ತೇಗು ಬರಿಸಿ, ಅಂಗಾತ ಮಲಗಿಸಿದರೆ ಹೆದರಬೇಕಾದ್ದಿಲ್ಲ. ಒಂದೇ ಕಡೆ ಮಲಗಿ ತಲೆ ಚಪ್ಪಟೆಯಾದೀತು ಎಂದು ಸಾಸಿವೆ ದಿಂಬು ಹೊಲಿಸುವ ರೂಢಿಯೂ ನಮ್ಮಲ್ಲಿದೆ. ವರ್ಷ ತುಂಬುವವರೆಗೆ ಯಾವ ದಿಂಬೂ ಬೇಡ. ಮಲಗಿಸುವಾಗ ದಿನ ಬಿಟ್ಟು ದಿನ ತಲೆಯ ದಿಕ್ಕು ಬದಲಿಸಿ. ಎಚ್ಚರವಿದ್ದಾಗ, ನೀವು ಎದುರಿಗೇ ಕೂತು, ನೆಲದ ಮೇಲೆ ಕೌದಿ ಹಾಸಿ ಸ್ವಲ್ಪ ಹೊತ್ತು ಬೋರಲು ಆಡಿಸಿ. ತಲೆ ತಾನಾಗಿ ದುಂಡಗಾಗುತ್ತದೆ, ಕತ್ತಿಗೂ ಬಲ ಬರುತ್ತದೆ. ಅಜ್ಜಿ ಹಳೆ ಸೀರೆಗಳನ್ನು ಕೂಡಿಸಿ ಹೊಲಿದ ಕೌದಿಗೂ ಇದರಿಂದ ಒಂದು ಒಳ್ಳೆಯ ಜಾಗ ಸಿಕ್ಕಂತಾಗುತ್ತದೆ.

ಅಂಗಡಿಯಿಂದ ಬರಿಗೈಲಿ ಬಂದ ನಾವು ಕೊನೆಗೆ ಓಣಿಯ ಬಡಿಗರಿಗೇ ಮಂಚ ಮಾಡಿಕೊಡಲು ಹೇಳಿದೆವು. ಧಾರವಾಡದ ಕಡೆ ಇನ್ನೂ ಇಂಥ ಕೈಗಳಿವೆ. ಸರಳುಗಳ ನಡುವಿನ ಸಂದು 6 ಸೆಂಟಿಮೀಟರಿಗಿಂತ ಹೆಚ್ಚಿರಬಾರದು ಎಂದೆ. ‘ಅಷ್ಟ ಯಾಕ್ರಿ ಅಕ್ಕಾರ? ನಾಕು ಇಂಚು ಬಿಟ್ರ ಕಟಿಗಿನೂ ಉಳಿತೈತಿ, ಗಾಳಿನೂ ಆಡತೈತಿ’ ಎಂದರು. ಕೂಸು ಕಾಲು ಮುಂದಾಗಿ ಜಾರಿದರೆ ಮೈ ಹೊರಬರುತ್ತದೆ, ತಲೆ ಮಾತ್ರ ಸಿಕ್ಕಿಕೊಳ್ಳುತ್ತದೆ ಎಂದು ವಿವರಿಸಿದೆ. ಅವರು ಮತ್ತೆ ಮಾತಾಡಲಿಲ್ಲ. ಮೂಲೆಯಲ್ಲಿದ್ದ ಸಾಗವಾನಿ ತುಂಡೊಂದನ್ನು ಸರಿಯಾಗಿ 6 ಸೆಂಟಿಮೀಟರ್ ಅಗಲಕ್ಕೆ ಕೊಯ್ದು, ಉಜ್ಜಿ, ಒಂದು ಸರಳು ಕೂರಿಸಿದ ಮೇಲೆ ಆ ತುಂಡನ್ನು ಒತ್ತಿಹಿಡಿದು ಮುಂದಿನ ಸರಳಿನ ಗುರುತು ಹಾಕಿದರು. ತಲೆಯಿಂದ ಕಾಲಿನವರೆಗೆ ಎರಡೂ ಮಗ್ಗುಲು ಹಾಗೆಯೇ ಅಳೆದರು. ಟೇಪು ಹಿಡಿದರೆ ಒಂದೆರಡು ಮಿಲಿಮೀಟರ್ ಆಚೀಚೆ ಆಗುತ್ತದಂತೆ, ತುಂಡು ಇಟ್ಟರೆ ತಪ್ಪುವುದಿಲ್ಲವಂತೆ. ಅಮೆರಿಕದ ನಿಯಮವೂ 1970ರ ದಶಕದಿಂದ ಇದೇ ಅಳತೆಯನ್ನು ಹೇಳುತ್ತದೆ. ಅಂಗಡಿಯಲ್ಲಿ ಕೊಳ್ಳುವವರು ಒಂದು ಟೇಪನ್ನು ಚೀಲದಲ್ಲಿ ಹಾಕಿಕೊಂಡೇ ಹೋಗಿ, ಸಂಕೋಚಪಡಬೇಡಿ.

ನಾಲ್ಕು ಮೂಲೆಯ ಕಂಬಗಳ ತುದಿಗೆ ಕಳಶದಂಥ ಕೆತ್ತನೆ ಮಾಡಿಕೊಡುತ್ತೇನೆ ಎಂದರು ಬಡಿಗರು. ಅದನ್ನೂ ಬೇಡ ಎಂದೆವು. ಎದ್ದು ನಿಲ್ಲುವ ವಯಸ್ಸಿನಲ್ಲಿ ಅಂಗಿಯ ಕೊರಳು ಅಲ್ಲಿ ಸಿಕ್ಕಿಕೊಂಡು ಮಗು ನೇತಾಡಿದ ಪ್ರಸಂಗಗಳಿವೆ. ಕಂಬದ ತುದಿ ಅಂಚಿಗೆ ಸಮವಾಗಿರಲಿ. ಒಂದು ಮಗ್ಗುಲು ಕೆಳಗೆ ಜಾರುವಂತೆ ಮಾಡಿದ ಮಂಚ ಬಗ್ಗಿ ಎತ್ತಿಕೊಳ್ಳುವ ತಾಯಿಗೆ ಅನುಕೂಲ, ನಿಜ. ಆದರೆ ಅದರ ಕೊಂಡಿ ಸಡಿಲಾಗಿ ಹಲಗೆ ವಾಲಿ, ಹಾಸಿಗೆಗೂ ಹಲಗೆಗೂ ನಡುವಿನ ಸಂದಿಯಲ್ಲಿ ಮಕ್ಕಳು ಸಿಕ್ಕು ಉಸಿರುಗಟ್ಟಿದ್ದಾರೆ. ಅಮೆರಿಕದಲ್ಲಿ 30ಕ್ಕೂ ಹೆಚ್ಚು ಮಕ್ಕಳು ಹೀಗೆ ಹೋದ ಮೇಲೆ 2011ರ ಜೂನ್‌ನಲ್ಲಿ ಅಂಥ ಮಂಚಗಳ ಮಾರಾಟವನ್ನೇ ನಿಲ್ಲಿಸಲಾಯಿತು. ನಮ್ಮ ಊರುಗಳಲ್ಲಿ ಈಗಲೂ ಅವು ಸಿಗುತ್ತವೆ. ನಾಲ್ಕೂ ಕಡೆ ಕದಲದಂತೆ ಕೂಡಿಸಿದ ಮಂಚವನ್ನೇ ಆರಿಸಿ. ಹಾಸಿಗೆ ಮಂಚದ ಅಳತೆಗೆ ತಕ್ಕಂತಿರಬೇಕು. ಅಂಚಿನಲ್ಲಿ ಎರಡು ಬೆರಳು ಇಳಿದರೆ ಅದು ಚಿಕ್ಕದಾಯಿತು ಎಂದೇ ಲೆಕ್ಕ. ಸಂದಿಗೆ ಬಟ್ಟೆ ತುರುಕುವುದು ಪರಿಹಾರವಲ್ಲ, ಬೇರೆ ಹಾಸಿಗೆ ಹೊಲಿಸಿ. ಹತ್ತಿ ಗಾದಿಯಾದರೆ ಬಿಗಿಯಾಗಿ ತುಂಬಿಸಿ, ನಡುವೆ ಹೊಲಿಗೆ ಹಾಕಿಸಿ, ಗುಂಡಿ ಬಿದ್ದ ಕೂಡಲೇ ಮತ್ತೆ ಹಿಂಜಿಸಿ.

ಬಣ್ಣದ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಹಲ್ಲು ಬರುವ ಕಾಲಕ್ಕೆ ಕೂಸು ಮಂಚದ ಅಂಚನ್ನೇ ಬಾಯಿಗೆ ಹಾಕುತ್ತದೆ. ಹಳೆಯ ಎನಾಮೆಲ್ ಬಣ್ಣದಲ್ಲಿ ಸೀಸ ಇರುತ್ತಿತ್ತು. ಸೀಸ ಸ್ವಲ್ಪವೇ ಹೊಟ್ಟೆಗೆ ಹೋದರೂ ಎಳೆಯ ಮಿದುಳಿಗೆ ಪೆಟ್ಟು, ಅದನ್ನು ಆಮೇಲೆ ಸರಿಪಡಿಸಲಾಗದು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ ಮೀರಬಾರದು ಎಂಬ ನಿಯಮ 2016ರಲ್ಲಿ ಬಂತು, ಮರುವರ್ಷ ಜಾರಿಯಾಯಿತು. ಅದಕ್ಕಿಂತ ಹಳೆಯದಾದ, ಬಣ್ಣದ ಸಿಪ್ಪೆ ಏಳುತ್ತಿರುವ ಮಂಚವನ್ನು ಅಟ್ಟದಿಂದ ಇಳಿಸಿದರೆ ಹಾಗೆಯೇ ಬಳಸಬೇಡಿ. ಬಸುರಿ ಇರುವ ಮನೆಯೊಳಗೆ ಅದನ್ನು ಉಜ್ಜಿ ಧೂಳೆಬ್ಬಿಸುವುದಂತೂ ಕೂಡದು. ನಮ್ಮ ಮಂಚಕ್ಕೆ ಬಣ್ಣವನ್ನೇ ಹಚ್ಚಿಸಲಿಲ್ಲ. ನುಣ್ಣಗೆ ಉಜ್ಜಿಸಿ ಹಾಗೇ ಬಿಟ್ಟೆವು. ಮೇಲೆ ತೂಗುಬಿಡುವ ಆಟಿಕೆಗೆ ಐಎಸ್‌ಐ ಗುರುತು ಇದೆಯೇ ನೋಡಿ, 2021ರಿಂದ ಆಟಿಕೆಗಳಿಗೆ ಅದು ಕಡ್ಡಾಯ. ಮಗು ಅಂಗೈ ಮೊಣಕಾಲೂರಿ ಏಳತೊಡಗಿದ ದಿನ ಆ ಆಟಿಕೆಯನ್ನು ಬಿಚ್ಚಿಡಿ, ಹಾಸಿಗೆಯ ಮಟ್ಟವನ್ನೂ ಇಳಿಸಿ.

ಧಾರವಾಡದವಳಾಗಿ ಕಲಘಟಗಿ ತೊಟ್ಟಿಲನ್ನು ಮರೆತು ಈ ಮಾತು ಮುಂದುವರಿಸಲಾರೆ. ಸಾಗವಾನಿ ಕಟ್ಟಿಗೆ, ಅರಗಿನ ಬಣ್ಣ, ಹಲಗೆಯ ತುಂಬ ಪುರಾಣದ ಚಿತ್ರಗಳು. ತಲೆಮಾರಿನಿಂದ ತಲೆಮಾರಿಗೆ ಉಳಿಯುವ ಕೆಲಸ ಅದು, ಎಷ್ಟೋ ಮನೆಗಳಲ್ಲಿ ಅಜ್ಜನೂ ಮೊಮ್ಮಗನೂ ಒಂದೇ ತೊಟ್ಟಿಲಲ್ಲಿ ಮಲಗಿದವರು. ಸಾಧ್ಯವಿದ್ದವರು ಕೊಳ್ಳಲಿ, ಆ ಕಲೆ ಉಳಿಯಲಿ. ಆದರೆ ತೂಗುವ ಯಾವ ತೊಟ್ಟಿಲಾದರೂ ಕೂಸು ಮಗುಚಿಕೊಳ್ಳಲು ಕಲಿಯುವವರೆಗೆ ಮಾತ್ರ, ಹೆಚ್ಚೆಂದರೆ ನಾಲ್ಕೈದು ತಿಂಗಳು. ಮಗುಚಿ, ಅಂಚು ಹಿಡಿದು ಏಳಲು ನೋಡುವ ಮಗುವಿನ ಭಾರಕ್ಕೆ ತೊಟ್ಟಿಲು ಒಂದು ಕಡೆ ವಾಲುತ್ತದೆ. ಅಲ್ಲಿಂದ ಮುಂದೆ ನಾಲ್ಕು ಕಾಲಿನ, ಅಲುಗಾಡದ, ಎತ್ತರದ ಕಟಕಟೆಯ ಮಂಚವೇ ಬೇಕು. ತೂಗುವಾಗಲೂ ಕಣ್ಣೆದುರಿಗೆ ಇರಲಿ. ನಿದ್ದೆ ಹತ್ತಿದ ಮೇಲೆ ನಿಲ್ಲಿಸಿ.

ಇನ್ನು ನಮ್ಮ ಹವೆ, ನಮ್ಮ ರೂಢಿ. ತಣ್ಣಗಾದೀತೆಂದು ಕುಲಾವಿ, ಸ್ವೆಟರು, ಕಾಲುಚೀಲ ಎಲ್ಲ ತೊಡಿಸಿ, ಮೇಲೊಂದು ಉಣ್ಣೆ ಶಾಲು ಹೊದಿಸಿ, ಕಿಟಕಿ ಮುಚ್ಚಿ ಮಲಗಿಸುವುದನ್ನು ರಾಯಚೂರು, ಕಲಬುರಗಿಯ ಏಪ್ರಿಲ್ ತಿಂಗಳಲ್ಲೂ ಕಂಡಿದ್ದೇನೆ. ಕೂಸು ಮೈಯ ಬಿಸಿಯನ್ನು ಹೊರಹಾಕುವುದು ಬಹಳಮಟ್ಟಿಗೆ ತಲೆಯಿಂದ. ಮೈ ಕಾದಷ್ಟೂ ನಿದ್ದೆಯ ಅಪಾಯ ಹೆಚ್ಚು. ಕೈಕಾಲು ತಣ್ಣಗಿದ್ದರೆ ಗಾಬರಿ ಬೇಡ, ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಅದು ಬೆಚ್ಚಗಿದ್ದರೆ ಸಾಕು, ಬೆವರಿದ್ದರೆ ಒಂದು ಬಟ್ಟೆ ತೆಗೆಯಿರಿ. ಸ್ನಾನವಾದ ಮೇಲೆ ತೊಟ್ಟಿಲ ಕೆಳಗೆ ಸಾಂಬ್ರಾಣಿ ಹೊಗೆ ಹಿಡಿಯುವುದನ್ನೂ ಬಿಡುವುದು ಒಳ್ಳೆಯದು. ಕೆಂಡ ಕೆಳಗೆ, ಬಟ್ಟೆ ಮೇಲೆ, ನಡುವೆ ಹಾಲುಗಲ್ಲದ ಮಗುವಿನ ಉಸಿರು. ಮನೆಯಲ್ಲಿ ಬೀಡಿ ಸಿಗರೇಟು ಸೇದುವವರಿದ್ದರೆ ಆ ಹೊಗೆ ಇನ್ನೂ ಕೆಟ್ಟದ್ದು. ದೃಷ್ಟಿಗೆಂದು ಕೊರಳಿಗೆ ಕಟ್ಟಿದ ಕಪ್ಪು ದಾರ, ತಾಯಿತಗಳ ಬಗ್ಗೆ ಹಿರಿಯರ ಮನಸ್ಸು ನೋಯಿಸದೆ ಹೇಳುವುದು ಕಷ್ಟ. ಆದರೂ ಹೇಳುತ್ತೇನೆ. ಮಲಗಿಸುವ ಮುನ್ನ ಕೊರಳಿನದನ್ನು ಬಿಚ್ಚಿ ದೇವರ ಮುಂದೆ ಇಡಿ, ಎದ್ದ ಮೇಲೆ ಬೇಕಾದರೆ ಹಾಕಿ. ಸೊಳ್ಳೆ ಪರದೆ ಬೇಕೇ ಬೇಕು, ಡೆಂಗಿಯ ಊರುಗಳು ನಮ್ಮವು. ಅದು ಮಂಚದ ಹೊರಗೆ ಬಿಗಿಯಾಗಿ ಎಳೆದು ಕಟ್ಟಿದ್ದಿರಲಿ, ಒಳಕ್ಕೆ ಜೋತುಬಿದ್ದು ಕೈಗೆ ಸಿಗುವಂತಿರಬಾರದು.

ಮಂಚ ಎಲ್ಲಿಡಬೇಕು? ತಾಯಿ ಮಲಗುವ ಕೋಣೆಯಲ್ಲೇ, ಅವಳ ಕೈಗೆಟುಕುವ ಹತ್ತಿರ. ಕನಿಷ್ಠ ಮೊದಲ ಆರು ತಿಂಗಳು ಹೀಗೆ. ಕಿಟಕಿ, ಪರದೆಯ ದಾರ, ಚಾರ್ಜರಿನ ವೈರು ಮಗುವಿನ ಕೈಗೆ ಸಿಗದಷ್ಟು ದೂರವಿರಲಿ. ಮಗುವಿಗೆ ಬೇರೆ ಕೋಣೆ ಸಿಂಗರಿಸುವ ಹೊಸ ಹುರುಪಿಗಿಂತ, ಬಾಣಂತಿಯೂ ಕೂಸೂ ಒಂದೇ ಕೋಣೆಯಲ್ಲಿರುವ ನಮ್ಮ ಹಳೆಯ ಪದ್ಧತಿಯೇ ಇಲ್ಲಿ ಸರಿ. ಒಂದೇ ಕೋಣೆ, ಬೇರೆ ಹಾಸಿಗೆ ಎಂಬುದು ವೈದ್ಯರ ಮಾತು. ತಾಯಿಯ ಮಗ್ಗುಲಲ್ಲೇ ಮಲಗಿ ಬೆಳೆದವರು ನಾವೆಲ್ಲ ಎಂದು ಗೆಳತಿಯರು ವಾದಿಸುತ್ತಾರೆ. ಹೌದು, ನೆಲದ ಮೇಲಿನ ತೆಳು ಚಾಪೆ ಹಾಸಿಗೆಯಲ್ಲಿ ಮಲಗಿದ್ದೆವು. ಇವತ್ತಿನ ಎಂಟಿಂಚಿನ ಸ್ಪ್ರಿಂಗ್ ಹಾಸಿಗೆ, ದಪ್ಪ ಕಂಬಳಿ, ನಾಲ್ಕಾರು ದಿಂಬುಗಳ ನಡುವೆ ಕೂಸಿನ ಪರಿಸ್ಥಿತಿ ಬೇರೆಯೇ. ನಡುರಾತ್ರಿ ಹಾಲೂಡಿಸುತ್ತ ಕಣ್ಣು ಮುಚ್ಚುವುದು ಯಾವ ತಾಯಿಗೂ ತಪ್ಪಿದ್ದಲ್ಲ, ಅದಕ್ಕೆ ಅವಳನ್ನು ಯಾರೂ ಬಯ್ಯಬಾರದು. ಸೋಫಾದಲ್ಲಿ ಕೂತು ಮಾತ್ರ ಹಾಗೆ ಊಡಿಸಬೇಡಿ, ಅದು ಎಲ್ಲಕ್ಕಿಂತ ಅಪಾಯದ ಜಾಗ. ಎಚ್ಚರವಾದ ಕೂಡಲೇ ಕೂಸನ್ನು ಅದರ ಮಂಚಕ್ಕೆ ದಾಟಿಸಿ. ಆ ಹೊತ್ತಿನಲ್ಲಿ ಎದ್ದು ಕೂಸನ್ನು ಎತ್ತಿಟ್ಟುಬರುವ ಗಂಡ ಪಕ್ಕದಲ್ಲಿದ್ದರೆ ಅರ್ಧ ಭಾರ ಇಳಿದಂತೆ.

ಇಷ್ಟೆಲ್ಲ ಬರೆಯುವಾಗ ಕಣ್ಣಮುಂದೆ ಇನ್ನೊಂದು ಹಾಸಿಗೆಯೂ ಬರುತ್ತದೆ. ಕಟ್ಟಡ ಏಳುತ್ತಿರುವಲ್ಲಿ, ಕಬ್ಬು ಕಡಿಯುವ ಹೊಲದ ಬದುವಿನಲ್ಲಿ, ಮರದ ಕೊಂಬೆಗೆ ಹಳೆ ಸೀರೆ ಕಟ್ಟಿ ಮಾಡಿದ ಜೋಲಿ. ಅದರಲ್ಲಿ ಕೂಸು ಬಾಗಿಯೇ ಮಲಗುತ್ತದೆ, ಗದ್ದ ಎದೆಗೆ ಇಳಿಯುತ್ತದೆ, ದೊಡ್ಡದಾದಂತೆ ಬಟ್ಟೆಯಲ್ಲಿ ಸುತ್ತಿಕೊಳ್ಳುವ ಭಯವೂ ಉಂಟು. ಆದರೆ ಇರುವೆ, ಹುಳುಹುಪ್ಪಟೆ, ನಾಯಿ, ಸಿಮೆಂಟಿನ ಧೂಳಿನಿಂದ ಮಗುವನ್ನು ಮೇಲೆತ್ತಿಡಲು ಆ ತಾಯಿಗೆ ಬೇರೆ ದಾರಿ ಇಲ್ಲ. ಅವಳಿಗೆ ಉಪದೇಶ ಮಾಡುವ ಹಕ್ಕು ನಮಗಿಲ್ಲ, ಅವಳಿಗೊಂದು ಜಾಗ ಒದಗಿಸುವ ಕರ್ತವ್ಯವಿದೆ. ರಾಜ್ಯ ಸರ್ಕಾರ 2023ರ ಬಜೆಟ್ಟಿನಲ್ಲಿ ಘೋಷಿಸಿದ ‘ಕೂಸಿನ ಮನೆ’ ಯೋಜನೆ ಕೂಲಿಗೆ ಹೋಗುವ ತಾಯಂದಿರ ಮಕ್ಕಳನ್ನು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ನೋಡಿಕೊಳ್ಳುವಂಥದು. ನಿಮ್ಮ ಊರಿನ ಕೂಸಿನ ಮನೆಗೆ ಒಮ್ಮೆ ಹೋಗಿ, ಮಕ್ಕಳು ಯಾವುದರ ಮೇಲೆ ಮಲಗುತ್ತಾರೆ ಎಂದು ನೋಡಿ ಬನ್ನಿ. ಗಟ್ಟಿ ಹಾಸಿಗೆ, ಒಗೆದ ಚಾದರ, ಬಿಗಿಯಾದ ಸೊಳ್ಳೆ ಪರದೆ ಇಲ್ಲದಿದ್ದರೆ ಪಂಚಾಯಿತಿಯವರನ್ನು ಕೇಳಿ. ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ದಾನ ಕೊಡಬೇಕು ಎನ್ನುವವರು ಅಲ್ಲಿಗೆ ನಾಲ್ಕು ಹಾಸಿಗೆ ಕೊಡಲಿ.

ಮಗು ಸುಮಾರು 90 ಸೆಂಟಿಮೀಟರ್ ಎತ್ತರ ಬೆಳೆದಾಗ, ಅಥವಾ ಅದಕ್ಕೂ ಮೊದಲೇ ಕಟಕಟೆಗೆ ಕಾಲು ಹಾಕಿ ಹತ್ತಲು ನೋಡಿದಾಗ, ಮಂಚದ ಕೆಲಸ ಮುಗಿಯಿತು. ನಮ್ಮ ಬಳಗಗಳಲ್ಲಿ ಅದು ಮುಂದಿನ ಕೂಸಿರುವ ಮನೆಗೆ ಹೋಗುತ್ತದೆ, ಹೋಗಲಿ. ಕೊಡುವ ಮುನ್ನ ಎಲ್ಲ ಬೋಲ್ಟುಗಳನ್ನೂ ಬಿಗಿ ಮಾಡಿ, ಬಿಚ್ಚಿದ್ದರೆ ಅವನ್ನು ಪಾನಾ ಸಮೇತ ಒಂದು ಚೀಲದಲ್ಲಿ ಹಾಕಿ ಮಂಚಕ್ಕೇ ಕಟ್ಟಿ. ಸರಳುಗಳನ್ನು ಒಂದೊಂದಾಗಿ ಹಿಡಿದು ಅಲುಗಾಡಿಸಿ ನೋಡಿ. ಒಂದೇ ಒಂದು ಸರಳು ಮುರಿದಿದ್ದರೂ ಅದಕ್ಕೆ ತಂತಿ ಸುತ್ತಿ, ಹಗ್ಗ ಕಟ್ಟಿ ಕೊಡಬೇಡಿ. ಬಡಿಗರ ಹತ್ತಿರ ಹೊಸ ಸರಳು ಹಾಕಿಸಿ ಕೊಡಿ.